ರಾಣಿಯ ರಟ್ಟೆ, ಯಾರದೋ ಕೂಸಿನ ಕೀವು

ನಾವು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕೇರಿಗಳಿಂದ ಬಂದವರು. ಸತ್ತುಹೋದ ಹಿರಿಯರ ಮುಖ ನೋಡಬೇಕೆಂದರೆ ನಮಗೆ ಅರಮನೆಯ ಗೋಡೆಯಿಲ್ಲ, ರೇಷನ್ ಕಾರ್ಡೇ ಗತಿ. ಅದಕ್ಕೇ ಅರಸರ ಚಿತ್ರ ಕಂಡರೆ ನಾವು ಕೈ ಮುಗಿಯುವುದಿಲ್ಲ, ಕೇಳುತ್ತೇವೆ.

1805ರ ಹೊತ್ತಿಗೆ ಐರ್ಲೆಂಡಿನ ಥಾಮಸ್ ಹಿಕಿ ಮೈಸೂರಿನ ಮೂವರು ಹೆಂಗಸರ ಚಿತ್ರ ಬರೆದ. ಬಹಳ ಕಾಲ ಅವರನ್ನು ಕುಣಿಯುವವರೆಂದೇ ತಿಳಿದಿದ್ದರು. ಕುಣಿಯುವವರ ಹೆಸರು ಯಾರಿಗೆ ಬೇಕು? ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕಂದಿರ ಹೆಸರನ್ನಾದರೂ ಯಾರು ಕೇಳಿದ್ದಾರೆ? ಇತಿಹಾಸಕಾರ ನೈಜೆಲ್ ಚಾನ್ಸಲರ್ ಇವರು ಒಡೆಯರ ಮನೆಯವರು ಎಂದ ಮೇಲೆ ಹೆಸರು ಬಂತು, ಮರ್ಯಾದೆಯೂ ಬಂತು. 2007ರಲ್ಲಿ ಲಂಡನ್ನಿನ ಸೋದಬೀಸ್‌ನವರು ಹರಾಜಿಗಿಟ್ಟರು.

ಚಾನ್ಸಲರ್ ಪ್ರಕಾರ ಬಲಗಡೆಯವಳು ಮುಮ್ಮಡಿ ಕೃಷ್ಣರಾಜರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ ರಟ್ಟೆ ತೋರಿಸುತ್ತಿದ್ದಾಳೆ. ಸಿಡುಬಿನ ಲಸಿಕೆ ಹಾಕಿಸಿಕೊಂಡ ರಟ್ಟೆ ಅದು. ರಾಣಿಯೇ ಹಾಕಿಸಿಕೊಂಡಳು, ನೀವೂ ಹಾಕಿಸಿಕೊಳ್ಳಿ ಎಂದು ಸಾರುವ ಚಿತ್ರ. ಆ ಹುಡುಗಿಯ ಮೇಲೆ ನಮಗೆ ಸಿಟ್ಟಿಲ್ಲ. ಅವಳಿಗಾದರೂ ಆಗ ಹನ್ನೆರಡರ ಆಸುಪಾಸು.

ಆದರೆ ಆ ರಟ್ಟೆಗೆ ಲಸಿಕೆ ಎಲ್ಲಿಂದ ಬಂತು? ಮುಗಿಲಿನಿಂದ ಉದುರಿತೇನು? ಆಗ ಐಸಿನ ಪೆಟ್ಟಿಗೆ ಇರಲಿಲ್ಲ. ಒಂದು ಕೂಸಿನ ತೋಳಿಗೆ ದನದ ಸಿಡುಬು ಚುಚ್ಚಬೇಕು, ಎಂಟು ದಿನಕ್ಕೆ ಗುಳ್ಳೆ ಏಳಬೇಕು, ಆ ಕೀವು ತೆಗೆದು ಮತ್ತೊಂದು ಕೂಸಿಗೆ ಚುಚ್ಚಬೇಕು. 1802ರ ಜೂನ್ 14ರಂದು ಮುಂಬೈಯಲ್ಲಿ ಮೂರು ವರ್ಷದ ಆನ್ನಾ ಡಸ್ತಾಲ್ ಎಂಬ ಹುಡುಗಿಗೆ ಚುಚ್ಚಿದರು. ಇಂಡಿಯಾದಲ್ಲಿ ಅದು ಹಿಡಿದದ್ದು ಅವಳ ತೋಳಿನಲ್ಲೇ ಮೊದಲು. ಅಲ್ಲಿಂದ ತೋಳಿಂದ ತೋಳಿಗೆ ಹೈದರಾಬಾದು, ಮದರಾಸು, ಕಡೆಗೆ ಮೈಸೂರು.

ಅತ್ತ ಕೂಸುಗಳ ಹೆಸರು ಬರೆದಿಟ್ಟವರಿಲ್ಲ. ಯಾರ ಮಕ್ಕಳವು? ಯಾವ ಕೇರಿಯವು? ಮಡಿಯವರು ಲಸಿಕೆಗೆ ಅಂಜಿದ್ದೂ ಇದಕ್ಕೇ: ಯಾವ ಜಾತಿಯ ಮೈಯ ಕೀವೋ! ಬಾವಿಯ ನೀರು ಮುಟ್ಟಬಾರದು, ಮೈಯ ಕೀವು ಮಾತ್ರ ಜೀವ ಉಳಿಸಬೇಕು. ಉಳಿಸಿತು. ಮೈಲಿಗೆ ಎಂಬುದು ಸುಳ್ಳೆಂದು ಆ ಗುಳ್ಳೆ ಅವತ್ತೇ ಸಾಬೀತು ಮಾಡಿತ್ತು. ಹಿಕಿಯ ಕುಂಚ ಒಡವೆಯನ್ನೆಲ್ಲ ಬರೆಯಿತು. ಆ ಸಾಕ್ಷಿಯನ್ನು ಬರೆಯಲಿಲ್ಲ.

ನಮ್ಮ ಅಜ್ಜಿಯಂದಿರ ತೋಳಿನ ಮೇಲೂ ದುಂಡನೆಯ ಕಲೆಗಳಿವೆ. 1975ರಲ್ಲಿ ಈ ದೇಶದಿಂದ ಸಿಡುಬು ತೊಲಗಿದ್ದು ಇಂಥ ಕೋಟಿ ತೋಳುಗಳಿಂದ. ಅವಕ್ಕೆ ಚಿತ್ರಗಾರ ಸಿಗಲಿಲ್ಲ.

ನಮ್ಮ ಮಸ್ಕಿಯಲ್ಲಿ ಒಂದು ಬಂಡೆಯಿದೆ. 1915ರಲ್ಲಿ ಅದರ ಮೇಲೆ ಅಶೋಕನ ಶಾಸನ ಸಿಕ್ಕಿತು. ಅಲ್ಲಿ ಅರಸನ ಹೆಸರುಂಟು, ಮುಖವಿಲ್ಲ. ಧರ್ಮದಲ್ಲಿ ನಡೆದರೆ ಸಣ್ಣವನೂ ಆ ಎತ್ತರಕ್ಕೆ ಏರಬಲ್ಲ, ದೊಡ್ಡವರಿಗಷ್ಟೇ ಅಂತ ತಿಳಿಯಬೇಡಿ ಎಂಬ ಮಾತುಂಟು. ನಾವು ಅಕ್ಷರ ಕಲಿತದ್ದು ಆ ಬಂಡೆಯ ನೆರಳಿನವರಾಗಿ.

ಆದ್ದರಿಂದ ಹೇಳುತ್ತೇವೆ: ಇನ್ನು ಈ ಚಿತ್ರ ಅಚ್ಚು ಹಾಕುವವರು ರಾಣಿಯರ ಹೆಸರಿನ ಕೆಳಗೆ ಒಂದು ಸಾಲು ಸೇರಿಸಲಿ. ‘ಹೆಸರು ಬರೆಯದೆ ಬಿಟ್ಟ ಮಕ್ಕಳ ತೋಳಿನಿಂದ ಬಂದದ್ದು.’ ನೀವು ಬರೆಯದಿದ್ದರೆ ನಾವು ಬರೆಯುತ್ತೇವೆ. ಬರೆಯೋದು ಈಗ ನಮಗೂ ಬರುತ್ತೆ.