ಧ್ವನಿವರ್ಧಕದ ಕಾಗದಪತ್ರಗಳು

ನಮ್ಮ ಊರಿನ ಪೇಟೆಬೀದಿಯ ಕೊನೆಯಲ್ಲಿ ಹಿಂದೆ ಒಂದು ಮೈಕ್‌ಸೆಟ್ಟಿನ ಅಂಗಡಿಯಿತ್ತು. ಮದುವೆ, ಜಾತ್ರೆ, ಗಣೇಶೋತ್ಸವ, ಚುನಾವಣೆ, ನಾಟಕ, ಏನಿದ್ದರೂ ಕಹಳೆಯಾಕಾರದ ಧ್ವನಿವರ್ಧಕಗಳು ಅಲ್ಲಿಂದಲೇ ಹೊರಡಬೇಕಾಗಿತ್ತು. ಅಂಗಡಿಯ ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳು ಕಬ್ಬಿಣವನ್ನು ಗುಜರಿಗೂ ಕಾಗದವನ್ನು ರದ್ದಿಗೂ ಹಾಕಲು ನಿಶ್ಚಯಿಸಿದರು. ಅವರನ್ನು ದೂರಲಾರೆ, ಬಾಡಿಗೆಯ ಮಳಿಗೆಯನ್ನು ತೆರವು ಮಾಡಬೇಕಾದವರಿಗೆ ಇತಿಹಾಸದ ಚಿಂತೆ ಬರುವುದು ಕಷ್ಟ. ನಾನು ಬೇಡಿ ತಂದದ್ದು ಒಂದು ತಗಡಿನ ಪೆಟ್ಟಿಗೆ ಮಾತ್ರ. ಅದರೊಳಗೆ ಬೆಲೆಪಟ್ಟಿಗಳು, ತಂತಿ ಜೋಡಣೆಯ ನಕ್ಷೆಗಳು, ಎರಡು ಮೂರು ಕ್ಯಾಟಲಾಗುಗಳು ಇದ್ದವು.

ಅವುಗಳಲ್ಲೊಂದು ಬೆಲೆಪಟ್ಟಿ ನನ್ನನ್ನು ಕೆಲವು ದಿನ ಕಾಡಿತು. ಅದರಲ್ಲಿ ಇಸವಿಯಿಲ್ಲ. ಆದರೆ ಬೆಲೆಗಳು ನಯಾ ಪೈಸೆಯ ಲೆಕ್ಕದಲ್ಲಿವೆ. ನಯಾ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. ‘ನಯಾ’ ಎಂಬ ವಿಶೇಷಣವನ್ನು ಸರ್ಕಾರ ಕೈಬಿಟ್ಟದ್ದು 1964ರ ಜೂನ್ 1ರಂದು. ಹೀಗಾಗಿ ಹಾಳೆ ಹೆಚ್ಚುಕಡಮೆ ಆ ಏಳು ವರ್ಷಗಳೊಳಗೆ ಅಚ್ಚಾದದ್ದೆಂದು ಊಹಿಸಬಹುದು. ಅಂಚಿನಲ್ಲಿ ಯಜಮಾನರು ಪೆನ್ಸಿಲ್ಲಿನಿಂದ ಬರೆದ ಒಂದು ಸಾಲಿದೆ: ಈ ನಮೂನೆಗೆ ಶಕ್ತಿ ಹೆಚ್ಚು ಕೊಟ್ಟರೆ ಸುರುಳಿ ಸುಡುತ್ತದೆ, ಜಾತ್ರೆಗೆ ಕಳುಹಿಸಬಾರದು. ಅಚ್ಚಾದ ಭಾಗದಲ್ಲಿ ಈ ಮಾತಿಲ್ಲ. ತಯಾರಕರು ಹೇಳದೆ ಬಿಟ್ಟದ್ದನ್ನು ಅನುಭವಸ್ಥರೊಬ್ಬರು ಅಂಚಿನಲ್ಲಿ ಬರೆದಿಟ್ಟಿದ್ದರು.

ಈಚಿನ ವರ್ಷಗಳಲ್ಲಿ ಇಂಥ ಹಾಳೆಗಳಿಗೆ ಹೊರಲೋಕದಲ್ಲಿ ಬೆಲೆ ಬಂದಿದೆ. ಹಳೆಯ ಧ್ವನಿವರ್ಧಕಗಳ ಕ್ಯಾಟಲಾಗು, ವಿವರಪತ್ರ, ದುರಸ್ತಿಯ ಕೈಪಿಡಿ, ಜಾಹೀರಾತುಗಳನ್ನು ಹವ್ಯಾಸಿಗಳು ಹುಡುಕಿ, ಸ್ಕ್ಯಾನ್ ಮಾಡಿ, ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಇರಿಸುತ್ತಿದ್ದಾರೆ. ಇದರಲ್ಲಿ ಬಹುಪಾಲು ಬಿಡುವಿನ ವೇಳೆಯಲ್ಲಿ ಕೈಯಿಂದ ಹಣ ಹಾಕಿ ದುಡಿಯುವವರ ಕೆಲಸ. ಇದು ಬರಿಯ ಹುಚ್ಚೋ, ವಿದ್ಯಾಸೇವೆಯೋ, ಇದರಿಂದ ನಾವು ಕಲಿಯಬೇಕಾದದ್ದೇನಾದರೂ ಇದೆಯೋ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬಯಸುತ್ತೇನೆ.

ಧ್ವನಿವರ್ಧಕಕ್ಕೆ ಇತಿಹಾಸ ಬೇರೆ ಕೇಡೇ ಎಂದು ವಾಚಕರು ಕೇಳಿಯಾರು. ಪರೀಕ್ಷೆಯ ಕಾಲದಲ್ಲಿ ಅದರ ಕಾಟ ತಿಂದ ವಿದ್ಯಾರ್ಥಿಗಳಂತೂ ಕೇಳಿಯೇ ಕೇಳುತ್ತಾರೆ. ಅದರ ಹಾವಳಿಗೆ ಕಡಿವಾಣ ಹಾಕಲು 2000ದಲ್ಲಿ ಕೇಂದ್ರ ಸರ್ಕಾರ ಶಬ್ದಮಾಲಿನ್ಯದ ನಿಯಮಗಳನ್ನೇ ರಚಿಸಿ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವುದನ್ನು ಸಾಮಾನ್ಯವಾಗಿ ನಿಷೇಧಿಸಬೇಕಾಯಿತು. ಆದರೂ ಇಪ್ಪತ್ತನೆಯ ಶತಮಾನದ ಸಾರ್ವಜನಿಕ ಜೀವನ ಈ ಯಂತ್ರವನ್ನು ಬಿಟ್ಟರೆ ಅರ್ಥವಾಗುವುದಿಲ್ಲ. ಲಕ್ಷ ಜನರ ಸಭೆ, ಮಾತನಾಡುವ ಚಲಚ್ಚಿತ್ರ, ಮನೆಯ ರೇಡಿಯೋ, ಮೂರೂ ಇದರ ಕೊರಳಿನಿಂದಲೇ ಮಾತನಾಡಿದವು. ಭಾಷಣಗಳನ್ನೂ ಹಾಡುಗಳನ್ನೂ ನಾವು ಜತನ ಮಾಡಿದ್ದೇವೆ. ಕೊರಳಿನ ಕಥೆಯನ್ನು ಮಾತ್ರ ಮರೆತಿದ್ದೇವೆ.

ಈ ಯಂತ್ರವನ್ನು ಕಂಡುಹಿಡಿದವರು ಯಾರೆಂಬ ಪ್ರಶ್ನೆಗೆ ಪರೀಕ್ಷೆಯ ಕೈಪಿಡಿ ಒಂದು ಹೆಸರು ಹೇಳಿ ಮುಗಿಸಬಹುದು. ಕಾಗದಗಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಯಸ್ಕಾಂತದ ಕ್ಷೇತ್ರದಲ್ಲಿ ತಂತಿಯ ಸುರುಳಿಯೊಂದು ಚಲಿಸುವ ಉಪಾಯವನ್ನು ಜರ್ಮನಿಯ ವರ್ನರ್ ಸೀಮೆನ್ಸ್ 1874ರಲ್ಲಿಯೇ ಪೇಟೆಂಟ್ ಪತ್ರದಲ್ಲಿ ವಿವರಿಸಿದ. ಅದರಿಂದ ಮಾತು ಹೊರಡಿಸುವ ಗೋಜಿಗೆ ಹೋಗಲಿಲ್ಲ. 1898ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಅಂಥದೇ ಸುರುಳಿಯ ಧ್ವನಿಯಂತ್ರಕ್ಕೆ ಪೇಟೆಂಟ್ ಪಡೆದ. ಧ್ವನಿಯ ವಿದ್ಯುತ್ತನ್ನು ಬಲಪಡಿಸುವ ವಾಲ್ವು ಆಗಿನ್ನೂ ಹುಟ್ಟಿರಲಿಲ್ಲ. ಕ್ಯಾಲಿಫೋರ್ನಿಯದ ಪ್ರಿಡ್‌ಹ್ಯಾಮ್ ಮತ್ತು ಜೆನ್ಸನ್ ಎಂಬಿಬ್ಬರು ಸುರುಳಿಗೆ ಕಹಳೆಯನ್ನು ಜೋಡಿಸಿ, 1915ರ ಕ್ರಿಸ್ಮಸ್ಸಿನ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆರೆದ ದೊಡ್ಡ ಜನಸಮೂಹಕ್ಕೆ ಸಂಗೀತವನ್ನು ಕೇಳಿಸಿದರು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್, ಕಹಳೆಯಿಲ್ಲದೆ ಶಂಕುವಿನಿಂದ ಧ್ವನಿ ಹೊರಡಿಸುವ ಬಗೆಯನ್ನು ಪ್ರಬಂಧವಾಗಿ ಪ್ರಕಟಿಸಿದರು. ಇಂದು ಮನೆಮನೆಯ ಸ್ಪೀಕರುಗಳಲ್ಲಿ ದುಡಿಯುತ್ತಿರುವುದು ಬಹುಮಟ್ಟಿಗೆ ಆ ತತ್ತ್ವವೇ. ಒಬ್ಬನ ತಲೆಯಲ್ಲಿ ಮಿಂಚಿದ ಯೋಚನೆಯೆಂದು ನಾವು ತಿಳಿದದ್ದು ಅರ್ಧ ಶತಮಾನದ ಕೈಬದಲಾವಣೆಯೆಂಬುದನ್ನು ಈ ನಾಲ್ಕು ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿದವನೇ ಕಾಣಬಲ್ಲ.

ಒಟ್ಟಿಗೆ ಇಡುವ ಈ ಕೆಲಸ ಎಷ್ಟು ಫಲ ಕೊಡಬಲ್ಲದೆಂಬುದಕ್ಕೆ ಒಂದು ನಿದರ್ಶನವಿದೆ. ಇಂದು ಕಾಲೇಜು ವಿದ್ಯಾರ್ಥಿಗಳು ಚೀಲಕ್ಕೆ ತೂಗುಹಾಕಿಕೊಂಡು ಓಡಾಡುವ ಪುಟ್ಟ ಸ್ಪೀಕರುಗಳಲ್ಲಿ ಹಲವದರ ಮೇಲೆ ಜೆಬಿಎಲ್ ಎಂಬ ಅಕ್ಷರಗಳಿರುತ್ತವೆ. ಅವು ಜೇಮ್ಸ್ ಬಿ. ಲ್ಯಾನ್ಸಿಂಗ್ ಎಂಬವನ ಹೆಸರಿನ ಮೊದಲಕ್ಷರಗಳು. 1902ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಜೇಮ್ಸ್ ಮಾರ್ಟಿನಿಯಾಗಿ ಹುಟ್ಟಿದ ಈತ ಹೆಸರು ಬದಲಿಸಿಕೊಂಡು 1927ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಾರ್ಖಾನೆ ತೆರೆದ. ಎಂಜಿಎಂ ಚಿತ್ರಸಂಸ್ಥೆ 1930ರ ದಶಕದಲ್ಲಿ ಚಿತ್ರಮಂದಿರಗಳಿಗಾಗಿ ರೂಪಿಸಿ ಅಕಾಡೆಮಿಯ ಪ್ರಶಸ್ತಿ ಪಡೆದ ಧ್ವನಿವ್ಯವಸ್ಥೆಯಲ್ಲಿ ಅವನ ಕೈಕೆಲಸವಿತ್ತು. 1941ರಲ್ಲಿ ಕಾರ್ಖಾನೆ ಆಲ್ಟೆಕ್ ಸಂಸ್ಥೆಯ ಪಾಲಾಯಿತು. 1946ರಲ್ಲಿ ಅವನು ತನ್ನದೇ ಇನ್ನೊಂದನ್ನು ಆರಂಭಿಸಿದ. ಅದು ಸಾಲದಲ್ಲಿ ಮುಳುಗಿದ್ದಾಗಲೇ 1949ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಸಂಸ್ಥೆ ಕೈಯಿಂದ ಕೈಗೆ ದಾಟಿತು. ಅದನ್ನೊಳಗೊಂಡ ಹರ್ಮನ್ ಬಳಗವನ್ನು 2017ರಲ್ಲಿ ಕೊರಿಯದ ಸ್ಯಾಮ್‌ಸಂಗ್ ಕೊಂಡಿತು. ಮಾಲೀಕರು ಬದಲಾದಂತೆಲ್ಲ ಹಳೆಯ ಕಪಾಟುಗಳು ಬರಿದಾಗುವುದು ಲೋಕರೂಢಿ. ಲ್ಯಾನ್ಸಿಂಗ್ ಹೆರಿಟೇಜ್ ಎಂಬ ಹೆಸರಿನಲ್ಲಿ ಹವ್ಯಾಸಿಗಳು ಅವನ ಸಂಸ್ಥೆಗಳ ಕ್ಯಾಟಲಾಗುಗಳನ್ನೂ ವಿವರಪತ್ರಗಳನ್ನೂ ಅಂತರ್ಜಾಲದಲ್ಲಿ ಕೂಡಿಸಿಟ್ಟದ್ದರಿಂದ ಈ ಮನುಷ್ಯನ ಬದುಕು ಮೂರಕ್ಷರಗಳ ಹಿಂದೆ ಮರೆಯಾಗದೆ ಉಳಿಯಿತು.

ಇದು ಬರಿಯ ಸ್ಮರಣೆಯ ಮಾತಾಯಿತು ಎನ್ನುವವರಿಗೆ ಉಪಯೋಗದ ಮಾತನ್ನೂ ಹೇಳಬೇಕು. ಆಸ್ಟ್ರೇಲಿಯದ ನೆವಿಲ್ ಥೀಲ್ ಎಂಬ ಇಂಜಿನಿಯರ್ 1961ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ರಂಧ್ರವಿರುವ ಪೆಟ್ಟಿಗೆಯಲ್ಲಿ ಕೂರಿಸಿದ ಧ್ವನಿವರ್ಧಕ ಹೇಗೆ ನುಡಿಯುವುದೆಂಬುದನ್ನು ವಿದ್ಯುತ್ ಶಾಸ್ತ್ರದ ಗಣಿತದಿಂದ ಮೊದಲೇ ಲೆಕ್ಕಹಾಕಬಹುದೆಂಬುದು ಅದರ ಸಾರ. ಅದುವರೆಗೆ ಪೆಟ್ಟಿಗೆಯ ಅಳತೆಯಲ್ಲಿ ಕಿವಿಯ ಅಂದಾಜು ಮತ್ತು ಮರಳಿ ಮರಳಿ ಮಾಡಿ ನೋಡುವ ತಾಳ್ಮೆಯೇ ಬಡಗಿಗೂ ಇಂಜಿನಿಯರಿಗೂ ಹೆಚ್ಚಿನ ಆಸರೆಯಾಗಿತ್ತು. ಆದರೆ ಪ್ರಬಂಧ ಅಚ್ಚಾದದ್ದು ಆಸ್ಟ್ರೇಲಿಯದ ಒಂದು ಸಂಘದ ಪತ್ರಿಕೆಯಲ್ಲಿ. ಹೊರಗಿನವರ ಕೈಗೆ ಅದು ಸಿಕ್ಕದ್ದು ಅಪರೂಪ. ಹತ್ತು ವರ್ಷಗಳ ತರುವಾಯ, 1971ರಲ್ಲಿ, ಅಮೆರಿಕದ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನು ಮರುಮುದ್ರಿಸಿತು. ಆಮೇಲೆ ರಿಚರ್ಡ್ ಸ್ಮಾಲ್ ಎಂಬವನ ಪ್ರಬಂಧಗಳೂ ಅದಕ್ಕೆ ಸೇರಿದವು. ಈಗ ಬಿಡಿ ಸ್ಪೀಕರುಗಳ ವಿವರಪತ್ರಗಳಲ್ಲಿ ಥೀಲ್-ಸ್ಮಾಲ್ ಅಂಕಿಗಳು ಕಾಣುವುದು ವಾಡಿಕೆ.

ಈ ಸಂಗತಿಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ನಡುವಿನ ಹತ್ತು ವರ್ಷ. ಕಾಗದ ನಾಶವಾಗಿರಲಿಲ್ಲ, ಗ್ರಂಥಾಲಯಗಳಲ್ಲಿ ಕ್ಷೇಮವಾಗಿಯೇ ಇತ್ತು. ಬೇಕಾದವರ ಕೈಗೆ ಎಟುಕುವಂತಿರಲಿಲ್ಲ, ಅಷ್ಟೆ. ಎಟುಕದ ವಿದ್ಯೆ ಇದ್ದೂ ಇಲ್ಲದಂತೆ. ಕಪಾಟಿಗೆ ಬೀಗ ಹಾಕಿ ರಕ್ಷಿಸಿದೆವೆಂದು ತೃಪ್ತಿಪಡುವ ನಮ್ಮ ಸಂಸ್ಥೆಗಳು ಈ ಹತ್ತು ವರ್ಷಗಳ ಪಾಠವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹಾಗೆಂದು ಅಂತರ್ಜಾಲದಲ್ಲಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಭಾವಿಸಬಾರದು. ಸಾಮಾನ್ಯ ಜನರು ತಮ್ಮ ತಮ್ಮ ಹವ್ಯಾಸದ ಪುಟಗಳನ್ನು ಬಿಟ್ಟಿಯಾಗಿ ಇಟ್ಟುಕೊಂಡಿದ್ದ ಜಿಯೋಸಿಟೀಸ್ ಎಂಬ ತಾಣವನ್ನು 2009ರ ಅಕ್ಟೋಬರಿನಲ್ಲಿ ಅದರ ಒಡೆತನದ ಯಾಹೂ ಸಂಸ್ಥೆ ಮುಚ್ಚಿತು. ಕೆಲವರು ಓಡಿಬಂದು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಕೊಂಡರು, ಉಳಿದದ್ದು ಹೋಯಿತು. 1996ರಲ್ಲಿ ಸ್ಥಾಪನೆಯಾದ ಇಂಟರ್‌ನೆಟ್ ಆರ್ಕೈವ್ ಎಂಬ ಮಹಾಭಂಡಾರ ಕೂಡ 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಹಲವು ದಿನ ಬಾಗಿಲು ಹಾಕಬೇಕಾಯಿತು. ಭಂಡಾರಕ್ಕೇ ಈ ಗತಿಯಾದರೆ, ವರ್ಷವರ್ಷವೂ ಬಾಡಿಗೆ ತೆತ್ತು ಒಬ್ಬನೇ ನಡೆಸುವ ಸಂಗ್ರಹದ ಗತಿಯೇನು? ಆತ ಕಣ್ಮುಚ್ಚಿದ ವರ್ಷ ಬಾಡಿಗೆ ನಿಲ್ಲುತ್ತದೆ, ಸಂಗ್ರಹವೂ ಕಣ್ಮುಚ್ಚುತ್ತದೆ. ರದ್ದಿಯಂಗಡಿಯವನಾದರೂ ಕಾಗದವನ್ನು ಕೆಲವು ದಿನ ಮೂಲೆಯಲ್ಲಿ ಇಟ್ಟುಕೊಂಡಿರುತ್ತಾನೆ. ಇಲ್ಲಿ ಆ ಅವಧಿಯೂ ಇಲ್ಲ.

ಕಾನೂನಿನ ತೊಡಕೂ ಉಂಟು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಕರ್ತೃವಿನ ಹೆಸರಿಲ್ಲದ ಪ್ರಕಟಣೆಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆಯಿದೆ. ಅಮೆರಿಕದಲ್ಲಿ ಹಕ್ಕು ಉಳಿಸಿಕೊಂಡ ಹಳೆಯ ಪ್ರಕಟಣೆಗಳಿಗೆ ಅವಧಿ 95 ವರ್ಷ. ಹಕ್ಕುಳ್ಳವರನ್ನು ಕೇಳಿ ಪ್ರಕಟಿಸೋಣವೆಂದರೆ, ಮೂರು ಬಾರಿ ಮಾರಾಟವಾದ ಕಂಪನಿಯಲ್ಲಿ ಕೇಳುವುದಾದರೂ ಯಾರನ್ನು? ಕಾನೂನನ್ನು ಮೀರಿರೆಂದು ನಾನು ಹೇಳುವುದಿಲ್ಲ. ಯಾರಿಗೂ ಇನ್ನು ದುಡ್ಡು ತಾರದ ಬೆಲೆಪಟ್ಟಿಗೂ ಇಂದು ಮಾರಾಟವಾಗುತ್ತಿರುವ ಕಾದಂಬರಿಗೂ ಕಾನೂನು ಭೇದವೆಣಿಸುವುದು ನ್ಯಾಯವೆಂದು ಮಾತ್ರ ಹೇಳುತ್ತೇನೆ.

ನಮ್ಮ ದೇಶದ ಸ್ಥಿತಿಯೇನು? ಗಾಂಧೀಜಿ, ನೆಹರೂ ಮೊದಲಾದವರು ಸಭೆಗಳಲ್ಲಿ ಮಾತನಾಡುತ್ತಿರುವ ಹಳೆಯ ಛಾಯಾಚಿತ್ರಗಳಲ್ಲಿ ಮೈಕಿನ ಮೇಲೆ ‘ಚಿಕಾಗೋ ರೇಡಿಯೋ’ ಎಂಬ ಫಲಕವನ್ನು ಕಾಣಬಹುದು. ಸ್ವದೇಶಿಯ ಸಭೆಯಲ್ಲಿ ಚಿಕಾಗೋ ಎಲ್ಲಿಂದ ಬಂತೆಂದು ನೋಡಿದವರು ಬೆರಗಾಗುವುದು ಸಹಜ. ಅದು ಭಾರತೀಯರದೇ ಸಂಸ್ಥೆ. ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ 1909ರಲ್ಲಿ ಗ್ಯಾನ್‌ಚಂದ್ ಮೋತ್ವಾನೆ ಆರಂಭಿಸಿದ ವ್ಯಾಪಾರ, ಮುಂದೆ ಮುಂಬಯಿಗೆ ಬಂದು ಆ ಹೆಸರಿನಿಂದ ಬೆಳೆಯಿತು. ಕಾಂಗ್ರೆಸ್ಸಿನ ಸಭೆಗಳಿಗೆ ಧ್ವನಿವರ್ಧಕಗಳನ್ನು ಒದಗಿಸಿತು. 1942ರಲ್ಲಿ ಉಷಾ ಮೆಹ್ತಾ ಮೊದಲಾದವರು ಗುಪ್ತವಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ ಮೊಕದ್ದಮೆಯಲ್ಲಿ ಆ ಮನೆತನದ ನಾನಕ್ ಮೋತ್ವಾನೆಯವರೂ ಆಪಾದಿತರಾಗಿ ನಿಂತು ಬಿಡುಗಡೆ ಹೊಂದಿದರು. ಸ್ವಾತಂತ್ರ್ಯದ ಇತಿಹಾಸವನ್ನು ಓದುವ ವಿದ್ಯಾರ್ಥಿಗೆ ಒಂದು ಧ್ವನಿವರ್ಧಕದ ಬೆಲೆಪಟ್ಟಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ. ಒಂದು ಕಹಳೆಯ ಧ್ವನಿ ಎಷ್ಟು ದೂರ ಮುಟ್ಟುತ್ತಿತ್ತು, ಅದರ ಬಾಡಿಗೆ ಎಷ್ಟು, ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಅದು ಬ್ಯಾಟರಿಯಿಂದ ನಡೆಯುತ್ತಿತ್ತೇ, ಇವು ತಿಳಿದರೆ ನಾಯಕರ ಮಾತು ನಿಜವಾಗಿ ಎಷ್ಟು ಜನರ ಕಿವಿಗೆ ಬಿದ್ದಿತೆಂಬ ಅಂದಾಜು ಸಿಗುತ್ತದೆ.

ಮಾರ್ಗವೇನೆಂಬುದಕ್ಕೆ ನಾವು ಹೊರಗೆ ನೋಡಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಒಂದು ಭದ್ರವಾದ ಕೋಣೆಯಲ್ಲಿಟ್ಟು ಸುಮ್ಮನಾಗಲಿಲ್ಲ. ಸಾವಿರ ಪ್ರತಿ ಬರೆಯಿಸಿ ಹಂಚಿಸಿದಳು. ಓಲೆ ಹುಳ ತಿನ್ನುತ್ತದೆಂಬುದು ಅವಳಿಗೆ ಗೊತ್ತಿತ್ತು. ಸಾವಿರ ಓಲೆಗಳನ್ನು ಒಂದೇ ಹುಳ ತಿನ್ನಲಾರದೆಂಬುದೂ ಗೊತ್ತಿತ್ತು. ಇಂದಿನ ಸಂಗ್ರಹಕಾರರಿಗೂ ಈ ಸೂತ್ರವೇ ಸಾಕು. ಒಂದೇ ತಾಣದಲ್ಲಿಟ್ಟು ನೆಮ್ಮದಿಯಾಗಿರದೆ ಪ್ರತಿಗಳನ್ನು ನಾಲ್ಕು ಊರುಗಳಲ್ಲಿ, ನಾಲ್ಕು ಜನರಲ್ಲಿ, ಸಾಧ್ಯವಾದರೆ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಇರಿಸಬೇಕು. ಹಾಳೆ ಎಲ್ಲಿ, ಯಾರಿಂದ ಸಿಕ್ಕಿತು, ಇಸವಿಯನ್ನು ಯಾವ ಆಧಾರದಿಂದ ಗೊತ್ತುಮಾಡಿದೆವು ಎಂಬುದನ್ನು ಜೊತೆಗೆ ಬರೆಯಬೇಕು. ಚೆನ್ನಾಗಿ ಕಾಣಲೆಂದು ಅಂಚುಗಳನ್ನು ಕತ್ತರಿಸುವ ಚಟವನ್ನು ಬಿಡಬೇಕು. ಬಳಸಿದವನ ವಿದ್ಯೆ ಎಷ್ಟೋ ವೇಳೆ ಅಂಚಿನಲ್ಲಿಯೇ ಇರುತ್ತದೆ.

ನನ್ನ ಪೆಟ್ಟಿಗೆಯ ಹಾಳೆಗಳನ್ನು ಹೀಗೆ ಪ್ರತಿಮಾಡಿ ಇಬ್ಬರು ಮಿತ್ರರಿಗೂ ಒಂದು ಕಾಲೇಜಿನ ಗ್ರಂಥಾಲಯಕ್ಕೂ ಕೊಟ್ಟಿದ್ದೇನೆ. ಮಾಡಿದ್ದು ಅಲ್ಪ. ಆದರೆ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಮುಚ್ಚಿಹೋಗುತ್ತಿರುವ ಒಂದು ಮೈಕ್‌ಸೆಟ್ ಅಂಗಡಿಯಾದರೂ ಇದ್ದೀತು. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು, ಕೈಯಲ್ಲಿರುವ ಫೋನಿನೊಡನೆ, ಒಂದು ಭಾನುವಾರ ಅಲ್ಲಿಗೆ ಕಳುಹಿಸಲಿ. ಯಜಮಾನರು ಬದುಕಿದ್ದರೆ ಅವರ ಬಾಯಿಂದ ಕೇಳಿ ಬರೆದುಕೊಳ್ಳಲಿ. ಇಲ್ಲವಾದರೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೇಳಲಿ. ಜಾತ್ರೆಗೆ ಕಳುಹಿಸಬಾರದು ಎಂಬ ಆ ಪೆನ್ಸಿಲ್ ಸಾಲು ನನಗೆ ದೊರೆತದ್ದು, ರದ್ದಿಯ ಗಾಡಿ ಬಾಗಿಲಿಗೆ ಬಂದು ನಿಂತಿದ್ದ ದಿನ.