ಬೀದಿ ಗೊತ್ತಿದ್ದವರ ಬೀಟ್

ಲಾಸ್ ಏಂಜಲೀಸ್ ನದಿಯಾಚೆ, ಪೂರ್ವದ ದಿಕ್ಕಿಗೆ ಬಾಯ್ಲ್ ಹೈಟ್ಸ್ ಎಂಬ ಬಡಾವಣೆಯಿದೆ. ಒಂದು ಕಾಲಕ್ಕೆ ಯಹೂದಿಗಳು, ಜಪಾನೀಯರು, ಮೆಕ್ಸಿಕನ್ನರು ಅಕ್ಕಪಕ್ಕದಲ್ಲಿ ಬಾಳಿದ ಜಾಗ. ಈಗ ಬಹುಪಾಲು ಲ್ಯಾಟಿನೋ ಕುಟುಂಬಗಳದು. ಅಲ್ಲಿನ ಚೌಕವೊಂದರಲ್ಲಿ ಮರಿಯಾಚಿ ವಾದ್ಯಗಾರರು ಕಸೂತಿಯ ಕೋಟು ತೊಟ್ಟು, ಗಿಟಾರು ಹಿಡಿದು, ಯಾರಾದರೂ ಮದುವೆಗೋ ಹುಟ್ಟುಹಬ್ಬಕ್ಕೋ ಕರೆದಾರೆಂದು ಕಾಯುತ್ತಾರೆ. ಇಂಥ ಊರು ದೊಡ್ಡ ಪತ್ರಿಕೆಗಳ ಕಣ್ಣಿಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಗುಂಡು ಹಾರಿದಾಗ.

2011ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯನನ್‌ಬರ್ಗ್ ಪತ್ರಿಕೋದ್ಯಮ ಶಾಲೆಯವರು 1926ರಷ್ಟು ಹಳೆಯ ಸ್ಪ್ಯಾನಿಷ್ ದಿನಪತ್ರಿಕೆ 'ಲಾ ಒಪಿನಿಯೋನ್' ಜೊತೆಗೂಡಿ ಇಲ್ಲಿ 'ಬಾಯ್ಲ್ ಹೈಟ್ಸ್ ಬೀಟ್' ಎಂಬ ಪತ್ರಿಕೆ ಆರಂಭಿಸಿದರು. ಆಗ ವರದಿಗಾರರೆಲ್ಲ ಬಡಾವಣೆಯ ಹೈಸ್ಕೂಲು ಮಕ್ಕಳು. ನಮ್ಮ ಪತ್ರಿಕಾಲಯಗಳಲ್ಲೂ 'ಬೀಟ್' ಅಂದರೆ ವರದಿಗಾರನ ಪಾಲಿಗೆ ಬಂದ ಕ್ಷೇತ್ರ. ಈ ಪತ್ರಿಕೆಗೆ ಇಟ್ಟ ಸ್ಪ್ಯಾನಿಷ್ ಹೆಸರು 'ಪುಲ್ಸೊ', ಅಂದರೆ ನಾಡಿ.

ಪ್ರಶ್ನೆ ಕೇಳುವುದು, ಹೇಳಿದ್ದನ್ನು ಇನ್ನೊಬ್ಬರಲ್ಲಿ ಖಚಿತಪಡಿಸಿಕೊಳ್ಳುವುದು, ಬರೆದದ್ದನ್ನು ಮತ್ತೆ ಬರೆಯುವುದು: ಇದನ್ನು ಅನುಭವಿ ಪತ್ರಕರ್ತರು ಕಲಿಸುತ್ತಾರೆ. ಏರುವ ಬಾಡಿಗೆಗೆ ಮನೆ ಬಿಡುವ ನೆರೆಯವರು ಯಾರು ಎಂಬುದನ್ನು ಮಾತ್ರ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಇವರಲ್ಲಿ ಎಷ್ಟು ಜನ ಮುಂದೆ ಪತ್ರಕರ್ತರಾದರು ಎಂದು ಲೆಕ್ಕ ಕೇಳುವವರು ಇದ್ದೇ ಇರುತ್ತಾರೆ. ಗಣಿತ ಕಲಿತವರೆಲ್ಲ ಗಣಿತಜ್ಞರಾದರೇ ಎಂದು ಯಾರೂ ಕೇಳುವುದಿಲ್ಲ.

ಈ ಕಥೆಗೆ ಹಳೆಯ ಬೇರುಗಳಿವೆ. 1968ರ ಮಾರ್ಚ್‌ನಲ್ಲಿ ಇದೇ ಬಡಾವಣೆಯ ರೂಸ್ವೆಲ್ಟ್ ಹೈಸ್ಕೂಲು ಸೇರಿದಂತೆ ಪೂರ್ವ ಲಾಸ್ ಏಂಜಲೀಸಿನ ಶಾಲೆಗಳಿಂದ ಸಾವಿರಾರು ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ ಎಂಬುದೂ ಅವರ ದೂರುಗಳಲ್ಲೊಂದು. ಆ ವರ್ಷಗಳ ಚಿಕಾನೋ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್, ಸಮುದಾಯದ ಸಿಟ್ಟನ್ನು ದೊಡ್ಡ ಪತ್ರಿಕೆಯ ಒಳಗಿನಿಂದಲೇ ಬರೆದವರು 'ಲಾಸ್ ಏಂಜಲೀಸ್ ಟೈಮ್ಸ್' ಅಂಕಣಕಾರ ರೂಬೆನ್ ಸಲಜಾರ್. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧವಿರೋಧಿ ಮೆರವಣಿಗೆಯ ವರದಿಗೆ ಹೋಗಿದ್ದ ಅವರು 'ಸಿಲ್ವರ್ ಡಾಲರ್' ಎಂಬ ಬಾರಿನಲ್ಲಿ ಕೂತಿದ್ದರು. ಬಾಗಿಲಿಗೆ ಇಳಿಬಿಟ್ಟಿದ್ದ ಪರದೆಯನ್ನು ಸೀಳಿಕೊಂಡು ಬಂದ ಅಶ್ರುವಾಯು ಶೆಲ್ ತಲೆಗೆ ಬಡಿದು ಅವರು ಸತ್ತರು. ಹಾರಿಸಿದಾತ ಷೆರಿಫ್ ಇಲಾಖೆಯ ಡೆಪ್ಯುಟಿ; ಅವನ ಮೇಲೆ ಕ್ರಿಮಿನಲ್ ಮೊಕದ್ದಮೆಯೇ ಹೂಡಲಿಲ್ಲ. ಸಲಜಾರ್‌ಗೆ ಆಗ 42 ವರ್ಷ.

ಸ್ಪ್ಯಾನಿಷ್ ಆಡಿದ್ದಕ್ಕೆ ಏಟು ತಿಂದವರ ಬಡಾವಣೆಯಲ್ಲಿ ಈ ಮಕ್ಕಳ ಪತ್ರಿಕೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಅಚ್ಚಾಯಿತು. ಮಗಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಇಂಗ್ಲಿಷ್ ಬಾರದ ಅಮ್ಮ ಅಡುಗೆಮನೆಯಲ್ಲಿ ಕೂತು ಸ್ಪ್ಯಾನಿಷಿನಲ್ಲಿ ಓದಿ, ಎದುರುಮನೆಯವರ ಹೆಸರಿನ ಕಾಗುಣಿತ ತಪ್ಪಿದೆಯೆಂದು ತಕರಾರು ತೆಗೆಯಬಹುದು.