ದೋಸೆಯ ರುಚಿ ಮತ್ತು ಫಲಕದ ಹೆಸರು

ಬೆಂಗಳೂರಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಒಂದು ಜಗಳ ಇದ್ದೇ ಇರುತ್ತದೆ. ಮಸಾಲೆ ದೋಸೆ ತಿನ್ನುವುದಾದರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಹೋಗಬೇಕೋ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಬೇಕೋ? ಮೊನ್ನೆ ಅಂಥದೊಂದು ಕೂಟದಲ್ಲಿ ನಾವೂ ಬಾಯಿ ಹಾಕಿದೆವು. ಕೂಡಲೇ ಗೆಳೆಯರೊಬ್ಬರು ನಕ್ಕು, "ನಿಮಗ್ಯಾಕೆ ಸಾರ್ ಈ ತಂಟೆ? ನಿಮ್ಮದು ಬಿರಿಯಾನಿ ಡಿಪಾರ್ಟ್‌ಮೆಂಟು" ಎಂದರು. ಅವರು ಕೆಟ್ಟವರಲ್ಲ. ಈದ್ ದಿನ ತಪ್ಪದೆ ನಮ್ಮ ಮನೆಗೆ ಬಂದು ಶೀರ್‌ಖುರ್ಮಾ ಕುಡಿದು ಹೋಗುವವರೇ. ಆದರೂ ಕೇಳಬೇಕೆನಿಸುತ್ತದೆ: ದೋಸೆಯ ಬಗ್ಗೆ ಮಾತಾಡಲಿಕ್ಕೂ ಜಾತಿ ಸರ್ಟಿಫಿಕೇಟು ಬೇಕೆ?

ಆದ್ದರಿಂದ ಈ ತಂಟೆಗೆ ಬೇಕೆಂದೇ ಇಳಿಯುತ್ತಿದ್ದೇವೆ. ತೀರ್ಪನ್ನೂ ಕೊಡುತ್ತೇವೆ.

ರುಚಿಯ ಮೇಲೆ ತೀರ್ಪು ಕೊಡುವುದು ಸಾಧ್ಯವಿಲ್ಲ. ವಿದ್ಯಾರ್ಥಿ ಭವನದ ದೋಸೆ ಕೆಂಪಗೆ ಗರಿಗರಿ; ಜೊತೆಗೆ ನೀರು ಚಟ್ನಿ, ಸಾಂಬಾರಿನ ಮಾತೇ ಇಲ್ಲ. ಎಂಟಿಆರ್‌ನಲ್ಲಿ ದೋಸೆಯ ಪಕ್ಕಕ್ಕೆ ತುಪ್ಪದ ಪುಟ್ಟ ಬಟ್ಟಲು. ಒಂದು ಹೆಚ್ಚು, ಇನ್ನೊಂದು ಕಡಿಮೆ ಎನ್ನುವುದು ನಾಲಿಗೆಗೆ ಬಿಟ್ಟದ್ದು. ಎರಡೂ ಕಡೆ ಕಾಯಬೇಕು, ಎರಡೂ ಕಡೆ ಪರಿಚಯವಿಲ್ಲದವರೊಂದಿಗೆ ಒಂದೇ ಮೇಜಿಗೆ ಕೂರಬೇಕು. ನಾವು ನೋಡಬೇಕಾದದ್ದು ತಟ್ಟೆಯನ್ನಲ್ಲ, ಹೊರಗಿನ ಫಲಕವನ್ನು.

ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ವೆಂಕಟರಮಣ ಉರಾಳರಿಂದ. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂತು. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರು ಗಿರಾಕಿಗಳು, ಅವರದೇ ಹೆಸರು ಹೋಟೆಲಿಗೆ. ವಿದ್ಯಾರ್ಥಿಗೆ ಜಾತಿ ಎಲ್ಲಿಯದು? ಹಾಗಾಗಿ ಆ ಹೆಸರು ಹುಟ್ಟುವಾಗಲೇ ದೊಡ್ಡದಾಗಿತ್ತು.

ಎಂಟಿಆರ್ ಕಥೆ ಬೇರೆ. 1924ರಲ್ಲಿ ಮಯ್ಯ ಸಹೋದರರು ಅದನ್ನು ತೆರೆದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಇದು ವಿಶೇಷವೂ ಅಲ್ಲ. ಹೊರಗೆ ತಿನ್ನುವುದೇ ಮಡಿವಂತರಿಗೆ ಅಂಜಿಕೆಯಾಗಿದ್ದಾಗ 'ಇಲ್ಲಿ ಬೇಯಿಸಿದವನು ನಿಮ್ಮವನೇ' ಎಂದು ಫಲಕ ಧೈರ್ಯ ಹೇಳುತ್ತಿತ್ತು. 1960ರಲ್ಲಿ ಹೋಟೆಲು ಈಗಿನ ಜಾಗಕ್ಕೆ ಬಂದಾಗ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಜಾತಿಯ ಹೆಸರಿದ್ದ ಕಡೆ ಬಡಾವಣೆಯ ಹೆಸರು ಬಂತು. ವ್ಯಾಪಾರದ ಲೆಕ್ಕಾಚಾರವೇ ಇದ್ದಿರಲಿ, ಇದು ಸಣ್ಣ ಸಂಗತಿಯಲ್ಲ. ಮೂರು ವರ್ಷ ಮೊದಲು, 1957ರಲ್ಲಿ, ಮದ್ರಾಸಿನ ಹೋಟೆಲೊಂದರ ಫಲಕದಿಂದ 'ಬ್ರಾಹ್ಮಣ' ಎಂಬ ಪದ ತೆಗೆಸಲು ಪೆರಿಯಾರ್ ಚಳವಳಿಯನ್ನೇ ಮಾಡಬೇಕಾಗಿತ್ತು.

ಎಂಟಿಆರ್‌ಗೆ ಜನ ಮೆಚ್ಚಿದ್ದು ಯಾವುದಕ್ಕೆ? ಶುಚಿಗೆ. ಬೇಯಿಸಿದವನು ಯಾರು ಎನ್ನುವುದು ಮಡಿ. ಬೇಯಿಸಿದ್ದು ಹೇಗೆ ಎನ್ನುವುದು ಶುಚಿ. ಮಡಿಯಿಂದ ಶುಚಿಗೆ ನಡೆದ ಈ ದಾರಿಯೇ ಹೋಟೆಲು ನಮ್ಮ ಸಮಾಜಕ್ಕೆ ಮಾಡಿದ ಉಪಕಾರ.

ಈಗ ನಮ್ಮನ್ನು ಅದೇ ದಾರಿಯಲ್ಲಿ ಹಿಂದಕ್ಕೆ ನಡೆಸುವ ಉತ್ಸಾಹಿಗಳಿದ್ದಾರೆ. 2022ರ ಯುಗಾದಿಯ ಹೊತ್ತಿಗೆ ಕರ್ನಾಟಕದಲ್ಲೇ ಹಲಾಲ್ ಮಾಂಸ ಬೇಡ ಎಂಬ ಅಭಿಯಾನ ನಡೆಯಿತು. 2024ರ ಜುಲೈನಲ್ಲಿ ಉತ್ತರ ಪ್ರದೇಶದಲ್ಲಿ ಕಾಂವಡ್ ಯಾತ್ರೆಯ ದಾರಿಯಲ್ಲಿರುವ ಹೋಟೆಲು, ಹಣ್ಣಿನ ಗಾಡಿಗಳು ಮಾಲೀಕರ ಹೆಸರು ಬರೆದು ತೂಗುಹಾಕಬೇಕೆಂಬ ಆಜ್ಞೆ ಹೊರಟಿತು. ಜುಲೈ 22ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟು, ಯಾವ ಬಗೆಯ ಆಹಾರ ಸಿಗುತ್ತದೆಂದು ಹೇಳಿದರೆ ಸಾಕು, ಹೆಸರು ಹಾಕಿಸುವ ಬಲವಂತ ಬೇಡ ಎಂದಿತು.

ಗಿರಾಕಿಗೆ ತಿಳಿಯುವ ಹಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಎಣ್ಣೆ ಯಾವುದು, ಮಾಂಸವೋ ತರಕಾರಿಯೋ, ಎಲ್ಲ ಕೇಳಲಿ, ಅಡುಗೆಮನೆಗೇ ಬಂದು ನೋಡಲಿ. ಆದರೆ ಬಾಳೆಹಣ್ಣಿನ ಗಾಡಿಯವನ ಹೆಸರು ಕೇಳುವವನಿಗೆ ಬೇಕಾಗಿರುವುದು ಬಾಳೆಹಣ್ಣಿನ ವಿಚಾರವಲ್ಲ. ಲಿಂಗಾಯತ ಖಾನಾವಳಿ ಎಂದು ಒಬ್ಬ ತಾನಾಗಿ ಬರೆಸಿಕೊಳ್ಳುವುದು ಬೇರೆ, ಪೊಲೀಸರು ನಿಂತು ಬರೆಸುವುದು ಬೇರೆ.

ನಮ್ಮವರಿಗೂ ಒಂದು ಮಾತು. ಹಲಾಲ್ ಎನ್ನುವುದು ತಿನ್ನುವ ಪದಾರ್ಥದ ಪ್ರಶ್ನೆ. ಬರೀ ಅನ್ನ ಸಾರು ಸಿಗುವ ಹೋಟೆಲಿನಲ್ಲೂ ಗಲ್ಲೆಯ ಹಿಂದಿನ ಗೋಡೆಯಲ್ಲಿ ಯಾವ ಪಟ ಇದೆ ಎಂದು ನೋಡಿ ಹಿಂದಿರುಗುವವರು ನಮ್ಮಲ್ಲಿದ್ದಾರೆ. ಅವರು ಬೇರೆಯವರ ಅಭಿಯಾನಕ್ಕೆ ಬೈಯುವ ಹಕ್ಕು ಕಳೆದುಕೊಂಡವರು. ಹಾಗೆಯೇ, ನಮ್ಮ ಬೀದಿಯ ಅಡುಗೆಮನೆಯನ್ನು ಒಮ್ಮೆಯೂ ಇಣುಕಿ ನೋಡದೆ 'ಅಲ್ಲಿ ಶುಚಿ ಇರಲ್ಲ' ಎನ್ನುವ ಗೆಳೆಯರು ಶುಚಿಯ ಹೆಸರಿನಲ್ಲಿ ಮಡಿಯನ್ನೇ ಹೇಳುತ್ತಿದ್ದಾರೆ. ಇಣುಕಿ ನೋಡಿ ಕೊಳಕು ಕಂಡರೆ ಧಾರಾಳವಾಗಿ ಬೈಯಲಿ, ನಾವೂ ಜೊತೆಗೂಡುತ್ತೇವೆ.

ಇನ್ನು ತೀರ್ಪು. ವಿದ್ಯಾರ್ಥಿ ಭವನದ ಹೆಸರು ಹುಟ್ಟಿನಿಂದಲೇ ಎಲ್ಲರದು. ಎಂಟಿಆರ್ ಒಂದು ಹೆಸರಿನಿಂದ ಇನ್ನೊಂದಕ್ಕೆ ನಡೆದು ಬಂದದ್ದು. ಒಳ್ಳೆಯವನಾಗಿ ಹುಟ್ಟಿದವನಿಗಿಂತ ಬದಲಾದವನ ಮೇಲೆ ನಮಗೆ ಭರವಸೆ ಹೆಚ್ಚು, ಏಕೆಂದರೆ ಬದಲಾಗಬೇಕಾದವರೇ ಈ ನಾಡಿನಲ್ಲಿ ಹೆಚ್ಚಿದ್ದಾರೆ. ನಮ್ಮ ಮತ ಎಂಟಿಆರ್‌ಗೆ.

ಆ ಗೆಳೆಯರಿಗೆ ವಿದ್ಯಾರ್ಥಿ ಭವನವೇ ಮೇಲಂತೆ. ಮುಂದಿನ ಭಾನುವಾರ ಅಲ್ಲಿಗೇ ಕರೆದಿದ್ದಾರೆ. ಹೋಗುತ್ತೇವೆ. ಅದರ ಮುಂದಿನ ಭಾನುವಾರ ನಮ್ಮ ಜೊತೆ ಶಿವಾಜಿನಗರಕ್ಕೆ ಬರಬೇಕೆಂಬ ಷರತ್ತಿನ ಮೇಲೆ.